ಬೋರಿಂಗ್ ನೀರಿನವಳು

ಊರಿನಿಂದ, ಮಸ್ಕಿ ಅಂಚೆ
೧೦ ಏಪ್ರಿಲ್ ೧೯೯೩

ನನ್ನ ಮುದ್ದು ತಂಗಿ ಶೇಖಮ್ಮಗೆ,

ಹೇಗಿದ್ದೀ? ಸೊಂಟನೋವು ಇಳಿಯಿತೋ, ಇಲ್ಲಾ ಅದನ್ನೇ ಹೊತ್ತುಕೊಂಡು ಭತ್ತದ ಕೊಯ್ಲಿಗೆ ಹೋಗುತ್ತಿದ್ದೀಯೋ? ಹೇಳಿದರೆ ಕೇಳುವವಳಲ್ಲ ನೀನು. ಮಗಳು ಹುಲಿಗೆಮ್ಮ ಕಾಲುವೆ ದಂಡೆಗೆ ಓಡುತ್ತಾಳೆಂದು ನೀನು ಬರೆದಿದ್ದೆ, ಅವಳ ಮೇಲೆ ಕಣ್ಣಿಡು. ಜೂನಿನಿಂದ ಅವಳನ್ನು ನನ್ನ ಬಳಿ ಓದಲು ಬಿಡುವೆನೆಂಬ ನಿನ್ನ ಮಾತನ್ನು ಅವ್ವನಿಗೆ ಮತ್ತೆ ಮತ್ತೆ ಓದಿ ಹೇಳಿದೆ. ಕೂಸಿಲ್ಲದ ನನ್ನ ಮನೆಗೆ ಅದಕ್ಕಿಂತ ದೊಡ್ಡ ಹಬ್ಬ ಯಾವುದಿದೆ? ಅವ್ವ ಗಟ್ಟಿಯಾಗಿದ್ದಾಳೆ, ಬೈಗಳೂ ಗಟ್ಟಿಯಾಗಿವೆ.

ಈ ಸಲದ ಸುದ್ದಿ ನನ್ನ ಶಾಲೆಯದು. ದಿನಾ ಉಜ್ಜಿದರೆ ಹಲ್ಲು ಬೆಳ್ಳಗಿರುತ್ತವೆ ಎಂದು ಪಾಠ ಓದಿಸುತ್ತಿದ್ದೆ. ಆರನೆಯ ಇಯತ್ತೆಯ ಹಾಜಿರಾ ಎದ್ದು ನಿಂತಳು. "ಟೀಚರ್, ನಾ ದಿನಾ ತಿಕ್ಕತೀನ್ರಿ, ನನ್ನ ಹಲ್ಲು ಕಂದಗದಾವ. ನಮ್ಮಜ್ಜಿ ತಂಬಾಕ ತಿಂತಾಳ, ಆಕಿವು ಬೆಳ್ಳಗದಾವ. ಯಾಕ್ರಿ?" ನನಗೆ ಗೊತ್ತಿಲ್ಲವೆಂದೆ. ನೀವೇ ಹುಡುಕಿರಿ ಎಂದು ಮಕ್ಕಳನ್ನು ಮನೆಮನೆಗೆ ಅಟ್ಟಿದೆ. ಯಾರ ಹಲ್ಲು ಹೇಗಿವೆ, ಏನು ತಿನ್ನುತ್ತಾರೆ, ಸಣ್ಣವರಿದ್ದಾಗ ಯಾವ ನೀರು ಕುಡಿದರು ಎಂದು ಕೇಳಿ ಬಂದರು. ತಂಬಾಕಿನ ಕಡೆ ಕೆಲವರು, ಇದ್ದಿಲಿನ ಕಡೆ ಕೆಲವರು, ತರಗತಿ ತುಂಬ ಜಗಳ. ಒಂದೊಂದೇ ಊಹೆ ಬಿದ್ದುಹೋಗಿ ಕೊನೆಗೆ ನೀರು ಉಳಿಯಿತು. ಹಳೆ ಬಾವಿಯ ನೀರು ಕುಡಿದು ಬೆಳೆದವರ ಹಲ್ಲು ಬಿಳಿ, ಬೋರಿಂಗ್ ಕೊರೆಸಿದ ಮೇಲೆ ಹುಟ್ಟಿದವರ ಹಲ್ಲು ಕಂದು. ಪರೀಕ್ಷೆ ಮಾಡಿಸಲು ಲಿಂಗಸುಗೂರಿಗೆ ಬಾಟಲಿಯಲ್ಲಿ ಬೋರಿಂಗ್ ನೀರು ಕಳಿಸಿದೆವು. ಫ್ಲೋರೈಡ್ ಜಾಸ್ತಿ ಇದೆ, ಒಸಡಿನೊಳಗೆ ಹಲ್ಲು ಬೆಳೆಯುವ ವಯಸ್ಸಿನಲ್ಲಿ ಈ ನೀರು ಕುಡಿದರೆ ಕಲೆ ಬೀಳುತ್ತದೆ, ಉಜ್ಜಿದರೆ ಹೋಗುವುದಿಲ್ಲ ಎಂದು ಉತ್ತರ ಬಂತು. ಆ ಹಳೆ ಬಾವಿಯನ್ನೋ ಊರೆಲ್ಲ ಕಸ ಸುರಿದು ಮುಚ್ಚಿಬಿಟ್ಟಿದೆ.

ನಿನ್ನ ನೆನಪಾಗಿ ಅತ್ತುಬಿಟ್ಟೆ ಕಣೇ. ಬೆಳಿಗ್ಗೆ ಕಟ್ಟೆಯ ಮೇಲೆ ಇದ್ದಿಲ ಪುಡಿ ಹಿಡಿದು ಕೂತು, ಕಪ್ಪು ಬಾಯಿ ತೆರೆದು ಒಬ್ಬರನ್ನೊಬ್ಬರು ಹೆದರಿಸುತ್ತಿದ್ದೆವಲ್ಲ! ನಾನು ಬಾವಿ ನೀರಿನವಳು, ನೀನು ಬೋರಿಂಗ್ ನೀರಿನವಳು. ಯಾರಿಗೆ ಗೊತ್ತಿತ್ತು? ಅಕ್ಕನ ಹಲ್ಲು ನೋಡು, ಮೈಗಳ್ಳಿ ಎಂದು ಅವ್ವ ಇಟ್ಟಿಗೆ ಪುಡಿಯಿಂದ ನಿನ್ನ ಒಸಡಲ್ಲಿ ರಕ್ತ ಬರುವ ಹಾಗೆ ತಿಕ್ಕುತ್ತಿದ್ದಳು. ಸಿಂಧನೂರಿನ ಸ್ಟುಡಿಯೋದಲ್ಲಿ ತೆಗೆಸಿದ ಮದುವೆ ಫೋಟೋದಲ್ಲೂ ನಿನ್ನ ಬಾಯಿಗೆ ಸೆರಗು. ಮೊನ್ನೆ ಅವ್ವನಿಗೆ ಎಲ್ಲ ಬಿಡಿಸಿ ಹೇಳಿದೆ. ಅವಳು ಕೇಳಿದ್ದು ಇಷ್ಟೇ, "ಹಂಗಾರ ಕೂಸಿಂದೇನೂ ತಪ್ಪಿರಲಿಲ್ಲೇನ?" ಆಮೇಲೆ ಊಟ ಮಾಡಲಿಲ್ಲ.

ನಿಮ್ಮ ಮನೆಯವರಿಗೆ ನಮಸ್ಕಾರ ಹೇಳು. ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಅಕ್ಕ,
ಅಯ್ಯಮ್ಮ

ತಾ.ಕ.: ಇದನ್ನು ಮೊದಲೇ ಬರೆಯಬೇಕಿತ್ತು, ಕೈ ಬರಲಿಲ್ಲ. ಜೂನಿಗೆ ಹುಲಿಗೆಮ್ಮಳನ್ನು ಕಳಿಸಬೇಡ. ಅವಳ ಹಲ್ಲು ಬೆಳೆಯುವ ವಯಸ್ಸಿದು. ಇಲ್ಲಿ ಹಳೆ ಬಾವಿಯನ್ನು ಮತ್ತೆ ತೋಡಿಸುವವರೆಗೆ ಅಲ್ಲೇ ಇರಲಿ, ಕಾಲುವೆ ನೀರನ್ನೇ ಕಾಯಿಸಿ ಕುಡಿಸು. ಅವಳಿಗೆಂದು ಹೊಲಿಸಿಟ್ಟ ಲಂಗ ಬಸ್ಸಿನಲ್ಲಿ ಕಳಿಸುತ್ತೇನೆ. ತೊಡಿಸಿ, ತಾಯಿ ಮಗಳು ಇಬ್ಬರೂ ನಗುವ ಒಂದು ಫೋಟೋ ಕಳಿಸು. ಬಾಯಿಗೆ ಸೆರಗು ಬೇಡ.