ಅಂಗಳಕ್ಕೆ ಅಡ್ಡ ಕಟ್ಟಿದ ರಜಾಯಿ

ಫರ್ಗಾನಾ, ಮೇ ೬

ಪ್ರೀತಿಯ ರೋಹತ್ ಅಕ್ಕನಿಗೆ,

ನೀನೂ ಭಾವನೂ ಆರೋಗ್ಯವಾಗಿದ್ದೀರಿ ಎಂದುಕೊಂಡು ಕುಳಿತಿದ್ದೇನೆ. ನೀನು ಕಳಿಸಿದ ಉಣ್ಣೆ ಟೊಪ್ಪಿ ತಲುಪಿ ಬಹಳ ದಿನವಾಯಿತು. ಉತ್ತರ ಬರೆಯಲು ತಡವಾಯಿತು, ಬೈಯಬೇಡ. ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸಬಹುದಿತ್ತು. ಆದರೆ ಈಗೀಗ ಫೋನಿನಲ್ಲಿ ನಾವಿಬ್ಬರಷ್ಟೇ ಇದ್ದೇವೆ ಎಂಬ ನಂಬಿಕೆ ನನಗಿಲ್ಲ. ಪಕ್ಕದ ಮನೆಯ ಓಯ್ದಿನ್‌ಳ ಅಳಿಯ ಚೆರ್ರಿ ಹೊತ್ತ ಲಾರಿ ತಾಷ್ಕೆಂಟಿಗೆ ಒಯ್ಯುತ್ತಿದ್ದಾನೆ, ಅವನ ಕೈಗೆ ಇದನ್ನು ಕೊಡುತ್ತೇನೆ.

ಮೊಮ್ಮಗ ಗುಂಡುಗುಂಡಾಗಿದ್ದಾನೆ. ಮೂಗು ನಮ್ಮ ಅಪ್ಪನದೇ, ಕೋಪವೂ ಅವರದೇ. ಸೊಸೆ ನಫೋಸತ್‌ಗೆ ಹಾಲು ಚೆನ್ನಾಗಿದೆ. ಬಾಣಂತಿಯ ಚಿಲ್ಲಾ ಇನ್ನೂ ಮುಗಿದಿಲ್ಲ. ನಲವತ್ತು ದಿನ ಹೊರಗಿನವರ ಕಣ್ಣಿಗೆ ಮಗುವನ್ನು ತೋರಿಸಬಾರದೆಂದು ನಾನು ಎಷ್ಟು ಬಿಗಿಯಾಗಿದ್ದೇನೆಂದರೆ, ಓಯ್ದಿನ್ ಕೂಡ ಸೂಪಿನ ಬಟ್ಟಲನ್ನು ಬಾಗಿಲ ಬಳಿ ಇಟ್ಟು ಕೂಗಿ ಹೋಗುತ್ತಾಳೆ.

ಈಗ ಜಗಳದ ಸುದ್ದಿ. ಹಸು ಕಳ್ಳತನ ಹೆಚ್ಚಿತೆಂದು ನಮ್ಮ ಓಣಿಯ ಕಂಬಕ್ಕೆ ಸರ್ಕಾರದವರು ಕ್ಯಾಮೆರಾ ಹಾಕಿದ್ದರು. ಹಾಕಿದಾಗ ನಾನೇ ಅವರಿಗೆ ಚಹಾ ಕೊಟ್ಟಿದ್ದೆ. ಓಯ್ದಿನ್‌ಳ ಹಸು ಮರಳಿ ಬಂದದ್ದೂ ಅದರಿಂದಲೇ, ಇಲ್ಲವೆನ್ನುವುದಿಲ್ಲ. ಹೋದ ವಾರ ನಫೋಸತ್ ಏಪ್ರಿಕಾಟ್ ಮರದಡಿ ಬಿಸಿಲಿಗೆ ಕುಳಿತು ಹಾಲು ಕುಡಿಸುತ್ತಿದ್ದವಳು ಇದ್ದಕ್ಕಿದ್ದಂತೆ ಶಾಲು ಎಳೆದುಕೊಂಡು ಒಳಗೆ ಓಡಿ ಬಂದಳು.

"ಅತ್ತೆ, ಅದು ನನ್ನ ಕಡೆ ತಿರುಗ್ತು," ಅಂದಳು.

ಹೋಗಿ ನೋಡಿದೆ. ನಿಜವೇ. ನಾನು ಎಡಕ್ಕೆ ನಡೆದರೆ ಆ ಕ್ಯಾಮೆರಾವೂ ಎಡಕ್ಕೆ ತಿರುಗಿತು. ಅಂದಿನಿಂದ ಹುಡುಗಿ ಅಂಗಳಕ್ಕೆ ಕಾಲಿಡಲಿಲ್ಲ. ಕಿಟಕಿಗೂ ಪರದೆ ಎಳೆದುಕೊಂಡು, ಕತ್ತಲಲ್ಲಿ ಕುಳಿತು ಹಾಲು ಕುಡಿಸತೊಡಗಿದಳು. ನನ್ನ ಮೈ ಉರಿದುಹೋಯಿತು. ಅವಳು ತವರಿನಿಂದ ತಂದ ರಜಾಯಿಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು, ಆ ಕೆಂಪು ಸ್ಯಾಟಿನ್ನಿನದನ್ನು, ಮರದಿಂದ ಗೋಡೆಗೆ ತಂತಿ ಕಟ್ಟಿ ಇಳಿಬಿಟ್ಟೆ.

ಮಾರನೆಯ ಬೆಳಿಗ್ಗೆ ಇನ್ನೂ ಚಹಾ ಕುದಿದಿರಲಿಲ್ಲ, ಮಹಲ್ಲಾದ ಅಧ್ಯಕ್ಷ ಎರ್ಗಾಶ್ ಬಾಗಿಲಿಗೆ ಬಂದ. ಬಂದವನು ಹೊಸ್ತಿಲಾಚೆಯೇ ನಿಂತ.

"ಒಳಗೆ ಬಾ ತಮ್ಮಾ," ಅಂದೆ, ಬೇಕೆಂದೇ.

"ಬೇಡ ಸನೊಬರಕ್ಕ. ಮನೇಲಿ ಚಿಲ್ಲಾ ಇದೆ. ನಾನು ಹೆಂಗ್ ಬರ್ಲಿ?"

"ನೀನು ಬರಲ್ಲ, ನಿನ್ನ ಕಣ್ಣು ಮಾತ್ರ ಕಂಬ ಹತ್ತಿ ಒಳಗೆ ಬರುತ್ತೆ. ಅದಕ್ಕೆ ಚಿಲ್ಲಾ ಇಲ್ವಾ?"

"ಅದೇನು ಮನುಷ್ಯನ ಕಣ್ಣೇನಕ್ಕ? ಬರೀ ಯಂತ್ರ."

"ಹೌದಾ? ಮತ್ತೆ ನಾನು ರಜಾಯಿ ಕಟ್ಟಿದ್ದು ಇಷ್ಟು ಬೇಗ ನಿನಗೆ ಯಾರು ಹೇಳಿದ್ರು, ಯಂತ್ರ ಮನೆಗೆ ನಡ್ಕೊಂಡು ಬಂತಾ?"

ಅವನ ಕಿವಿ ಕೆಂಪಾಯಿತು. ಠಾಣೆಯಿಂದ ಫೋನ್ ಬಂದಿತ್ತಂತೆ. ರಜಾಯಿ ತೆಗೆಸು, ಇಲ್ಲವೇ ಕಟ್ಟಿದವಳ ಹೆಸರು ಬರೆದು ಕಳಿಸು ಅಂದರಂತೆ. ಪಾಪ, ಅವನಿಗೂ ಮೇಲಿನವರ ಭಯ. ಆದರೆ ಅವನ ಭಯಕ್ಕೆ ನನ್ನ ಸೊಸೆ ಯಾಕೆ ಕತ್ತಲಲ್ಲಿ ಕೂರಬೇಕು?

"ಬರಿ," ಅಂದೆ. "ಪೂರ್ತಿ ಹೆಸರು ಬರಿ, ತಪ್ಪಿಲ್ಲದೆ ಬರಿ. ಓಣಿ ನೋಡೋಕೆ ಹಾಕಿದ್ದು ಓಣೀನೇ ನೋಡ್ಲಿ. ಅದನ್ನ ಆಕಡೆ ತಿರುಗಿಸಿ, ಅವತ್ತೇ ನಾನು ರಜಾಯಿ ಮಡಚಿ ಒಳಗಿಡ್ತೀನಿ. ಅಲ್ಲೀವರೆಗೂ ಅದು ಅಲ್ಲೇ ಇರುತ್ತೆ."

ಗೋಡೆಯಾಚೆ ಎಲ್ಲ ಕೇಳಿಸಿಕೊಳ್ಳುತ್ತಿದ್ದ ಓಯ್ದಿನ್ ಅಲ್ಲಿಂದಲೇ ಕೂಗಿದಳು, "ಸನೊಬರ್, ಕೆಳಗೆ ಸಂದಿ ಕಾಣ್ತಿದೆ ಕಣೇ. ನಂದೂ ಒಂದು ಕೊಡ್ಲಾ?" ಹಸು ಮರಳಿ ಪಡೆದವಳ ಬಾಯಲ್ಲಿ ಈ ಮಾತು ಕೇಳಿ ಎರ್ಗಾಶ್ ತಲೆ ತುರಿಸಿಕೊಂಡ.

ಹೋಗುವಾಗ ಅವನು ಮೆಲ್ಲಗೆ ಒಂದು ಮಾತು ಅಂದ. "ನಿಮ್ಮ ಯಜಮಾನ್ರು ಇದ್ದಿದ್ರೆ ನಿಮಗೆ ತಿಳಿಸಿ ಹೇಳ್ತಿದ್ರು ಅಕ್ಕ. ಇದೆಲ್ಲ ನಮ್ಮ ಕ್ಷೇಮಕ್ಕೇ ಅಲ್ವಾ?" ನಾನು ಬಾಗಿಲು ಹಾಕಿದೆ.

ರಜಾಯಿ ಇನ್ನೂ ಅಲ್ಲೇ ಇದೆ. ಓಯ್ದಿನ್‌ಳ ಹಸಿರು ರಜಾಯಿಯೂ ಅದರ ಕೆಳಗಿದೆ, ನೋಡಲು ಮದುವೆ ಚಪ್ಪರದಂತಿದೆ. ನಫೋಸತ್ ಮತ್ತೆ ಮರದಡಿ ಕೂರುತ್ತಾಳೆ, ನಿನ್ನೆ ಹಾಡನ್ನೂ ಗುನುಗಿದಳು. ಠಾಣೆಯಿಂದ ಕರೆ ಬಂದರೆ ಹೋಗುತ್ತೇನೆ. ನನಗೆ ಹೆದರಿಕೆ ಇಲ್ಲ ಎಂದರೆ ಸುಳ್ಳಾಗುತ್ತದೆ, ಆದರೆ ಹೆದರಿಕೊಂಡೇ ಹೋಗುತ್ತೇನೆ, ರಜಾಯಿ ತೆಗೆಯದೆ ಹೋಗುತ್ತೇನೆ.

ನಿನ್ನ ಮಂಡಿನೋವಿಗೆ ಕುರಿಕೊಬ್ಬು ಹಚ್ಚುವುದನ್ನು ಬಿಡಬೇಡ. ನಿನ್ನ ಮನೆಯ ಒಲೆ ಆರದಿರಲಿ, ಮಕ್ಕಳೆಲ್ಲ ನಗುತ್ತಿರಲಿ, ದೇವರು ನಿಮ್ಮೆಲ್ಲರನ್ನೂ ಕಾಯಲಿ.

ನಿನ್ನ ತಂಗಿ,
ಸನೊಬರ್

ಮರೆತದ್ದು: ಇವರಿಗೆ ಗುದ್ದಿ ಓಡಿಹೋದ ಕಾರು ಪತ್ತೆಯಾಯಿತೇ ಎಂದು ನೀನು ಹೋದ ಸಲವೂ ಕೇಳಿದ್ದೆ, ನಾನು ಮಾತು ಮರೆಸಿದ್ದೆ. ಪತ್ತೆಯಾಗಿಲ್ಲ ಅಕ್ಕ. ಇವರು ಬಿದ್ದ ಬಜಾರಿನ ತಿರುವಿನಲ್ಲೂ ಒಂದು ಕ್ಯಾಮೆರಾ ಇತ್ತು. ಕೊನೆಯ ಗಳಿಗೆ ಹೇಗಿತ್ತೋ, ಯಾರಾದರೂ ನೀರು ಕೊಟ್ಟರೋ ಇಲ್ಲವೋ, ಅದಷ್ಟನ್ನಾದರೂ ನೋಡುತ್ತೇನೆಂದು ಠಾಣೆಯಲ್ಲಿ ಬೇಡಿಕೊಂಡೆ. ನಾನು ಅವರ ಹೆಂಡತಿ ಅಂದೆ. ಅಲ್ಲಿದ್ದ ಅಧಿಕಾರಿ ತಲೆ ಎತ್ತದೆ ಹೇಳಿದ, "ಆಗಲ್ಲಮ್ಮ. ಅದ್ರಲ್ಲಿ ಬೇರೆಯವರ ಮುಖ ಇರುತ್ತೆ, ಬೇರೆಯವರ ಕಾರಿರುತ್ತೆ. ಅದು ಅವರ ಖಾಸಗಿ ವಿಷಯ."