ನನಗೆ ಬರುವಷ್ಟು ತಮಿಳು

ಮಾರ್ಟಳ್ಳಿ
೧೪ ನವೆಂಬರ್ ೨೦೨೪

ಪ್ರೀತಿಯ ರೋಜಕ್ಕನಿಗೆ,

ನಿಮ್ಮ ತಮ್ಮನ ಹೆಂಡತಿ ಮೇಘನಾ ಮಾಡುವ ನಮಸ್ಕಾರಗಳು.

ಅತ್ತೆಯ ತಿಥಿಯ ದಿನ ಹಿತ್ತಿಲಲ್ಲಿ ನನ್ನ ಕೈ ಹಿಡಿದುಕೊಂಡು, ಅಮ್ಮ ನನ್ನ ವಿಷಯ ಏನಂದಳು, ಮನ್ನಿಸಿದಳಾ ಎಂದು ಕೇಳಿದಿರಿ. ಕೊನೆಯ ತಿಂಗಳುಗಳಲ್ಲಿ ಅವರ ಮಗ್ಗುಲಲ್ಲೇ ಇದ್ದವಳು ನಾನು. ಅವರು ದಿನವೂ ನನ್ನೊಡನೆ ಮಾತಾಡುತ್ತಿದ್ದುದನ್ನು ಬೀದಿಯವರೆಲ್ಲ ನೋಡಿದ್ದಾರೆ. ನಾನು "ಎಲ್ಲಾ ಯೋಳವ್ರೆ ಅಕ್ಕ, ನಿಧಾನಕ್ಕೆ ತಿಳುಸ್ತೀನಿ" ಅಂದೆ. ಆಮೇಲೆ ಹನೂರಿನಿಂದ ನೀವು ಮಾಡಿದ ಫೋನು ಎತ್ತಲೇ ಇಲ್ಲ. ಎತ್ತಿದರೆ ಇನ್ನೊಂದು ಸುಳ್ಳು ಹೇಳಿಬಿಡುತ್ತೇನೆಂಬ ಭಯ. ಅದಕ್ಕೇ ಈ ಕಾಗದ.

ಅಕ್ಕ, ನನಗೆ ತಮಿಳು ಬರುವುದಿಲ್ಲ.

ನಮ್ಮೂರು ಧನಗೆರೆಗೆ ಹೆಣ್ಣು ನೋಡಲು ಬಂದಾಗ ಅತ್ತೆ ಕೇಳಿದ್ದು ಅದೊಂದೇ: "ತಮಿಳು ಬತ್ತದಾ?" ಬಾಗಿಲ ಹಿಂದಿನಿಂದ ನಮ್ಮವ್ವ, "ಬತ್ತದೆ ಅನ್ನವ್ವ, ಅಲ್ಲಿಗೋದ್ಮೇಲೆ ಕಲ್ತ್ಕಂಡ್ರಾಯ್ತು" ಎಂದು ಪಿಸುಗುಟ್ಟಿದಳು. ಟೀವಿಯಲ್ಲಿ ಸಿನಿಮಾ ನೋಡಿದ್ದ ಧೈರ್ಯಕ್ಕೆ ನಾನು "ಚೆನ್ನಾಗಿ ಬತ್ತದೆ" ಅಂದೆ. ಆ "ಚೆನ್ನಾಗಿ" ಮಾತ್ರ ನಾನೇ ಸೇರಿಸಿದ್ದು. ಅತ್ತೆಯ ಮುಖ ಅರಳಿತು.

ಇಲ್ಲಿಗೆ ಬಂದ ಮೇಲೆ ಕಲಿತದ್ದು ಅಡುಗೆಮನೆಯ ಮಟ್ಟಿಗೆ. ಅನ್ನ, ನೀರು, ಉಪ್ಪು, ಬಾ, ಉಣ್ಣು. ನಿಮ್ಮ ತಮ್ಮ ನನ್ನೊಡನೆ ಕನ್ನಡದಲ್ಲೇ ಮಾತಾಡುವವರು. ನೀವು ಹೇಳದೆ ಕೇಳದೆ ಮದುವೆಯಾಗಿ ಹೋದ ಕೋಪ ಅವರಿಗೆ ಇನ್ನೂ ಇಳಿದಿಲ್ಲ, ಅದಕ್ಕೆ ಅತ್ತೆ ಅವರೆದುರು ನಿಮ್ಮ ಹೆಸರೆತ್ತುತ್ತಿರಲಿಲ್ಲ. ಅವರು ಕೆಲಸಕ್ಕೆ ಹೋದ ಮೇಲೆ ನನ್ನನ್ನು ಕೂರಿಸಿಕೊಂಡು ಶುರುಮಾಡುತ್ತಿದ್ದರು. ನಿಮ್ಮ ಹೆಸರು ಬರುತ್ತಿತ್ತು. ಕಣ್ಣೊರೆಸಿಕೊಳ್ಳುತ್ತಿದ್ದರು, ಒಮ್ಮೊಮ್ಮೆ ನಗುತ್ತಿದ್ದರು. ನಾನು ಕೋಲೆಬಸವನ ಹಾಗೆ ತಲೆಯಾಡಿಸುತ್ತಿದ್ದೆ. ಅರ್ಥವಾಯಿತಾ ಎಂದು "ಪುರಿಯುದಾ?" ಅಂದರೆ, "ಪುರಿಯುದು ಅತ್ತೆ" ಅನ್ನುತ್ತಿದ್ದೆ. ಅವರು ಅತ್ತಾಗ ನಾನೂ ಅತ್ತಿದ್ದೇನೆ, ಯಾತಕ್ಕೆಂದು ತಿಳಿಯದೆ.

ಹೊಟ್ಟೆ ಉರಿಯುವುದು ಇದಕ್ಕೆ: ಅತ್ತೆಗೆ ಸಂತೆ ವ್ಯಾಪಾರದಷ್ಟು ಕನ್ನಡ ಬರುತ್ತಿತ್ತು. ನನಗೆ ಬಾರದು ಎಂದು ಒಂದು ಮಾತು ಅಂದಿದ್ದರೆ ತಡವರಿಸಿಯಾದರೂ ಕನ್ನಡದಲ್ಲೇ ಹೇಳುತ್ತಿದ್ದರು. ಒಂದು ದಿನ ಹೇಳಿಬಿಡೋಣವೆಂದು ಗಟ್ಟಿ ಮನಸ್ಸು ಮಾಡಿದ್ದೆ. ಅಷ್ಟರಲ್ಲಿ ಪಕ್ಕದ ಮನೆಯ ದೇವಮ್ಮ ಬಂದು, "ಸೊಸೆತಾವು ಯೋಳ್ಕಂಡ್ರೆ ಎದೆ ಅಗುರಾಯ್ತದೆ ಅಂತಿದ್ರು ಕಣವ್ವ ನಿಮ್ಮತ್ತೆ" ಅಂದಳು. ಬಾಯಿ ಮುಚ್ಚಿಕೊಂಡೆ.

ಮೊನ್ನೆ ಇನ್ನೊಂದು ಕಾಗದ ಬರೆದಿದ್ದೆ, ಅತ್ತೆ ನಿಮ್ಮನ್ನು ಮನಸಾರೆ ಮನ್ನಿಸಿದರು ಎಂದು. ನಿಮಗೂ ಸಮಾಧಾನವಾಗುತ್ತಿತ್ತು. ಆದರೆ ನಾಳೆ ನೀವು ಬಂದು, ಅಮ್ಮ ಯಾವ ಮಾತಿನಲ್ಲಿ ಹೇಳಿದಳು ಎಂದರೆ ನಾನೇನು ಹೇಳಲಿ? ಹರಿದು ಒಲೆಗೆ ಹಾಕಿದೆ. ನಿಮಗೆ ಸೇರಬೇಕಾದ ಮಾತುಗಳು ನನ್ನ ಕಿವಿಯವರೆಗೆ ಬಂದು ಹಾಳಾದವು ಅಕ್ಕ. ಬೈಯಿರಿ, ಬೈಸಿಕೊಳ್ಳುತ್ತೇನೆ.

ಮುಖ ತೋರಿಸಲು ನಾಚುತ್ತಿರುವ,
ಮೇಘನಾ

ಮರೆತ ಮಾತು: ಕಾಗದ ಮಡಿಸಿಟ್ಟು ಊಟಕ್ಕೆ ತಟ್ಟೆ ಹಾಕುವಾಗ ನೆನಪಾಯಿತು. ಮಧ್ಯಾಹ್ನ ತಟ್ಟೆ ಮುಂದಿಟ್ಟರೆ ಅತ್ತೆ "ರೋಜಾ ಸಾಪ್ಟಾಳಾ?" ಎಂದು ಕೇಳದೆ ಒಂದು ದಿನವೂ ತುತ್ತು ಎತ್ತಿದವರಲ್ಲ. ಊಟದ ಹೊತ್ತಿನ ಮಾತಲ್ಲವೇ ಎಂದು ನಾನದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ರೋಜಾ ಉಂಡಳಾ ಅಂತ, ಅಕ್ಕ. ಅಷ್ಟು ತಮಿಳು ನನಗೆ ಬರುತ್ತದೆ.