ಬೆನ್ನು ಕಾಯುವ ಯಂತ್ರವನ್ನು ಬೆನ್ನ ಮೇಲೆ ಹೊರಿಸಿದವರಿಗೆ

ಐದು ತಾಲ್ಲೂಕುಗಳ ಉಗ್ರಾಣಗಳನ್ನು ನೋಡಿಕೊಳ್ಳುವ ಮೇಲಧಿಕಾರಿಗಳ ಸನ್ನಿಧಿಗೆ

ಮಾನ್ಯರೇ,

ಹಮಾಲರ ಬೆನ್ನು ಉಳಿಯಲೆಂದು ನೀವು ಕಳಿಸಿದ ಯಂತ್ರವನ್ನು ಹೊತ್ತು ಮಹಡಿ ಹತ್ತಿಸುವಾಗ ಹಮಾಲ ಗಾದಿಲಿಂಗನ ಬೆನ್ನು ಹೋಗಿದೆ. ಇದು ನನ್ನ ಮೊದಲನೆಯ ದೂರು. ಭಾರ ಎತ್ತುವಾಗ ಯಂತ್ರ ಬಳಸಲಿಲ್ಲವೆಂಬ ತಪ್ಪಿಗೆ ನಿಮ್ಮ ಕಚೇರಿ ಅವನ ಕೆಲಸದ ಗುರುತಿನ ಬಿಲ್ಲೆಯನ್ನು ಕಿತ್ತುಕೊಂಡಿದೆ. ಇದು ಎರಡನೆಯದು. ಈ ಎರಡನ್ನೂ ಒಟ್ಟಿಗೆ ಓದಿದ ಮೇಲೂ ನಿಮಗೆ ಏನೂ ಅನ್ನಿಸದಿದ್ದರೆ ಮುಂದೆ ಓದುವ ತೊಂದರೆ ತೆಗೆದುಕೊಳ್ಳಬೇಡಿ. ನಿಮ್ಮ ಮೇಜಿನ ಮೇಲೆ ಇದಕ್ಕಿಂತ ಹಗುರವಾದ ಕಾಗದಗಳು ಬೇಕಾದಷ್ಟು ಇರುತ್ತವೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಶೇಂಗಾ, ಮೆಕ್ಕೆಜೋಳ ಬಂದು ಬೀಳುವ ತಂಬ್ರಹಳ್ಳಿ ರಸ್ತೆಯ ಉಗ್ರಾಣದ ಎದುರಿಗೇ ನನ್ನ ಮನೆ. ಗ್ರಂಥಾಲಯದ ಕೆಲಸದಿಂದ ನಿವೃತ್ತಳಾದ ಮೇಲೆ ಓದುವುದಕ್ಕೆ ಪುಸ್ತಕಗಳಿವೆ, ನೋಡುವುದಕ್ಕೆ ನಿಮ್ಮ ಇಲಾಖೆ ಇದೆ. ಎರಡರಲ್ಲಿ ಯಾವುದು ಹೆಚ್ಚು ಕಲ್ಪನಾಶೀಲವೆಂದು ಇನ್ನೂ ತೀರ್ಮಾನಿಸಿಲ್ಲ.

ಹಮಾಲರ ಬೆನ್ನಿನ ಮೇಲೆ ನಿಮಗಿರುವ ಕಾಳಜಿ ಹೊಸದಲ್ಲ ಎಂಬುದನ್ನು ನಾನು ಒಪ್ಪುತ್ತೇನೆ. ಬಹಳ ವರ್ಷಗಳ ಹಿಂದೆ, ನಿಮಗಿಂತ ಮೊದಲಿನವರ ಕಾಲದಲ್ಲಿ, ಸೊಂಟಕ್ಕೆ ಬಿಗಿಯುವ ಪಟ್ಟಿಗಳು ಬಂದಿದ್ದವು. ಎಲ್ಲವೂ ಒಂದೇ ಅಳತೆಯವು. ಆ ಅಳತೆಯ ಸೊಂಟ ಇರುವ ಹಮಾಲ ಐದು ತಾಲ್ಲೂಕಿನಲ್ಲೂ ಸಿಗಲಿಲ್ಲ. ಅಂಥ ಸೊಂಟದವರು ಕುರ್ಚಿಯ ಕೆಲಸದಲ್ಲಿದ್ದರು. ಆಮೇಲೆ ಒಂದು ಭಿತ್ತಿಚಿತ್ರ ಬಂತು. ಬೂಟು ಹಾಕಿದ ಮನುಷ್ಯನೊಬ್ಬ ಮಂಡಿ ಮಡಚಿ, ಬೆನ್ನು ನೆಟ್ಟಗಿಟ್ಟು, ಮಿಠಾಯಿ ಡಬ್ಬದಷ್ಟು ದೊಡ್ಡ ಪೆಟ್ಟಿಗೆಯನ್ನು ನಗುನಗುತ್ತಾ ಎತ್ತುತ್ತಿದ್ದ. ಅದನ್ನು ಗೋಡೆಗೆ ಅಂಟಿಸಿ, ಅದರ ಮುಂದೆ ಸೂರಿನವರೆಗೆ ಚೀಲ ಒಟ್ಟಿದರು. ಭಾರ ಎತ್ತುವುದು ಹೇಗೆಂದು ಓದಿ ತಿಳಿಯಬೇಕಾದವನು ಮೊದಲು ಅಷ್ಟೂ ಚೀಲಗಳನ್ನು ಎತ್ತಿ ಪಕ್ಕಕ್ಕಿಡಬೇಕಿತ್ತು.

ಆದರೆ ಈ ಸಲ ನೀವು ಕಳಿಸಿದ್ದು ನಿಜಕ್ಕೂ ಒಳ್ಳೆಯ ವಸ್ತು. ಅದನ್ನು ಹೇಳದಿದ್ದರೆ ನನಗೇ ಪಾಪ ಬರುತ್ತದೆ. ಚಕ್ರಗಳ ಮೇಲೆ ಒಂದು ಕಬ್ಬಿಣದ ಹಲಗೆ, ಬದಿಗೆ ಕಾಲಿನಿಂದ ತುಳಿಯುವ ಒಂದು ಮೆಟ್ಟು. ತುಳಿದಂತೆಲ್ಲ ಹಲಗೆ ಚೀಲವನ್ನು ಹೊತ್ತುಕೊಂಡು ಸೊಂಟದ ಎತ್ತರಕ್ಕೆ ಬರುತ್ತದೆ. ಹಮಾಲ ಬಗ್ಗಬೇಕಾಗಿಲ್ಲ, ನೆಲದಿಂದ ಎಳೆಯಬೇಕಾಗಿಲ್ಲ. ಅದರ ಜೊತೆ ತರಬೇತಿಗೆಂದು ಬಂದ ನಿಮ್ಮ ಅಧಿಕಾರಿ, ಕೆಲಸವನ್ನು ಮನುಷ್ಯನ ಮೈಗೆ ಹೊಂದಿಸಬೇಕೇ ಹೊರತು ಮನುಷ್ಯನ ಮೈಯನ್ನು ಕೆಲಸಕ್ಕಲ್ಲ ಎಂದು ಹೇಳಿದಾಗ ನಾನೂ ಗೇಟಿನ ಬಳಿ ನಿಂತು ಚಪ್ಪಾಳೆ ತಟ್ಟಿದೆ. ಆ ಮಾತಿನಲ್ಲಿ ಇಡೀ ಒಂದು ಶಾಸ್ತ್ರವೇ ಅಡಗಿದೆ.

ತಪ್ಪು ನಮ್ಮವರದೂ ಇದೆ. ಆಯುಧ ಪೂಜೆಯ ದಿನ ಹಮಾಲರ ಮೇಸ್ತ್ರಿ ಮೈಲಪ್ಪ ಯಂತ್ರಕ್ಕೆ ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡು ಹೂವಿನ ಮಾಲೆ ಹಾಕಿ ಕಾಯಿ ಒಡೆದ. ಮರುದಿನ ನೋಡಿದರೆ ಅದನ್ನು ಕಾಲಲ್ಲಿ ತುಳಿಯಲು ಯಾರಿಗೂ ಧೈರ್ಯವಿಲ್ಲ. ಪೂಜೆ ಮಾಡಿದ ವಸ್ತುವಿಗೆ ಕಾಲು ಸೋಕಿಸುವುದು ಹೇಗೆ? ಹಾಗಾಗಿ ಕಾಲಿನ ಮೆಟ್ಟನ್ನು ಕೈಯಿಂದ ಒತ್ತತೊಡಗಿದರು. ಅದು ಇರುವುದು ನೆಲಮಟ್ಟದಲ್ಲಿ. ಬಗ್ಗುವುದನ್ನು ತಪ್ಪಿಸಲು ಬಂದ ಯಂತ್ರದ ಮುಂದೆ ಇಡೀ ಗುಂಪು ಚೀಲಕ್ಕೆ ಬಗ್ಗುತ್ತಿದ್ದುದಕ್ಕಿಂತ ಹೆಚ್ಚು ಬಗ್ಗಿ ಕೂತಿತು. ಕೊನೆಗೆ, ಚೆಲ್ಲಿದ ಕಾಳು ಗುಡಿಸುವ ಸುಂಕಮ್ಮ ಕಸಬರಿಗೆ ಕೆಳಗಿಟ್ಟು ಗಂಡಸರನ್ನು ಬೈದಳು.

"ಎತ್ತಿಗೂ ಪೂಜಿ ಮಾಡ್ತೀರಿ, ಮರುದಿನ ನೊಗ ಹೂಡಂಗಿಲ್ಲೇನು? ಕೈ ಮುಗುದು ಕಾಲಿಡ್ರಿ. ಅದಕ್ಕೇನ್ ನಿಮ್ಮಂಗ ಸಿಟ್ಟು ಬರತೈತೇನು?"

ಅಲ್ಲಿಗೆ ಮುಗಿಯಿತು. ಪ್ರತಿಯೊಬ್ಬನೂ ಯಂತ್ರವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ತುಳಿಯತೊಡಗಿದ. ಗಾದಿಲಿಂಗನಂತೂ ಒಂದೊಂದು ತುಳಿತಕ್ಕೂ "ತಪ್ಪಾತವ್ವಾ" ಎನ್ನುತ್ತಿದ್ದ. ಕೆಲಸ ಸಾಗಿತು, ಬೆನ್ನುಗಳು ಉಳಿದವು. ನೋವಿನ ಎಣ್ಣೆ ಮಾರುವ ಅಂಗಡಿಯವನ ಮುಖ ಬಾಡಿದ್ದನ್ನು ನಾನೇ ಕಂಡಿದ್ದೇನೆ.

ನಿಮ್ಮ ಕಚೇರಿ ಅದನ್ನು ಸಹಿಸಬೇಕಲ್ಲ. ತಪಾಸಣೆಗೆ ಬಂದವರು ಯಂತ್ರದ ಮೇಲಿನ ಕುಂಕುಮ, ಗೀರು, ಮೆಕ್ಕೆಜೋಳದ ಧೂಳು ನೋಡಿ ಹೌಹಾರಿದರು. ಇನ್ನೂ ಉದ್ಘಾಟನೆಯಾಗದ ಯಂತ್ರವನ್ನು ಬಳಸುವುದೆಂದರೇನು? ಗಣ್ಯರು ಬಂದು ಟೇಪು ಕತ್ತರಿಸುವವರೆಗೆ ಅದು ಹೊಸದಾಗಿಯೇ ಇರಬೇಕು. ಬೀಗವಿರುವ ಕೋಣೆ ಇರುವುದು ಮಹಡಿಯಲ್ಲಿ ಮಾತ್ರ. ಆದ್ದರಿಂದ ಮಹಡಿಗೆ ಸಾಗಿಸಿ ಎಂದು ಆಜ್ಞೆಯಾಯಿತು. ಕಡಿದಾದ ಮೆಟ್ಟಿಲು, ಮಧ್ಯದಲ್ಲೊಂದು ತಿರುವು. ಸಾಗಿಸುವವರು ಯಾರು? ಯಾರ ಬೆನ್ನು ಉಳಿಸಲು ಅದು ಬಂದಿತ್ತೋ ಅವರೇ. ಗಾದಿಲಿಂಗ ಕೆಳಗಿನ ತುದಿ ಹಿಡಿದಿದ್ದ. ತಿರುವಿನಲ್ಲಿ ಭಾರವೆಲ್ಲ ಅವನ ಮೇಲೆ ವಾಲಿತು. ಯಂತ್ರ ಮಹಡಿ ಸೇರಿತು. ಅವನನ್ನು ಗೋಣಿತಾಟಿನ ಮೇಲೆ ಮಲಗಿಸಿ ಕೆಳಗೆ ತಂದರು.

ಭಾರ ಹೊರಬೇಡ, ನಿಂತು ಮಾಡುವ ಹಗುರ ಕೆಲಸ ಮಾಡು ಎಂದು ಡಾಕ್ಟರು ಹೇಳಿದ್ದಾರೆ. ಆದರೆ ಅಷ್ಟರಲ್ಲಿ ಬಿಲ್ಲೆ ಹೋಗಿತ್ತು. ಯಾಕೆಂದು ಕೇಳಲು ನಾನೂ ಮೈಲಪ್ಪನೂ ನಿಮ್ಮ ಕಚೇರಿಗೆ ಹೋದೆವು. ಗುಮಾಸ್ತ ಗುರುಮೂರ್ತಿಯವರು ನಮ್ಮನ್ನು ಕೂರಿಸಿ ನೀರು ಕೊಟ್ಟು ಮಾತಾಡಿಸಿದರು. ಅವರ ಸೌಜನ್ಯದಲ್ಲಿ ಕೊರತೆಯಿರಲಿಲ್ಲ.

"ಭಾರ ಎತ್ತಾಕಂತ ಯಂತ್ರ ಕೊಟ್ಟೀವಿ. ಅದನ್ನ ಬಿಟ್ಟು ಕೈಲೆ ಯಾಕ ಎತ್ತಿದ್ರಿ?" ಎಂದರು.

"ಸಾಹೇಬ್ರ, ನಾವು ಎತ್ತಿದ್ದು ಯಂತ್ರಾನ ರಿ," ಎಂದ ಮೈಲಪ್ಪ.

"ಅದನ್ನ ಕೇಳಾಕತ್ತೀನಿ. ಯಂತ್ರ ಕೈಯಾಗ ಇತ್ತಲ್ಲ, ಮತ್ಯಾಕ ಬಳಸಲಿಲ್ಲ?"

"ಅದನ್ನ ಎತ್ತಾಕ ಇನ್ನೊಂದು ಯಂತ್ರ ಬೇಕಾಗಿತ್ತು ರಿ."

"ಹಂಗಿದ್ರ ಇನ್ನೊಂದಕ್ಕ ಬೇಡಿಕಿ ಕೊಡಬೇಕಿತ್ತು."

ಆ ಇನ್ನೊಂದನ್ನು ಎಲ್ಲಿ ಇಡುತ್ತಿದ್ದಿರಿ ಎಂದು ನಾನು ಕೇಳಿದೆ. ಗುರುಮೂರ್ತಿಯವರು ನನ್ನನ್ನು ಕನಿಕರದಿಂದ ನೋಡಿದರು.

"ಮ್ಯಾಲೆ ಮೇಡಂ. ಬೀಗ ಇರೋದು ಅಲ್ಲೇ ಅಲ್ಲೇನ್ರಿ."

ಸುರಕ್ಷತಾ ಸಾಧನದಿಂದ ಯಾರಿಗಾದರೂ ಪೆಟ್ಟಾಯಿತೆಂದು ಒಪ್ಪಿಕೊಂಡರೆ ಆ ಸಾಧನ ಸುರಕ್ಷಿತವಲ್ಲ ಎಂದಾಗುತ್ತದೆ, ಹಾಗಾಗಲು ಸಾಧ್ಯವೇ ಇಲ್ಲ, ಆದ್ದರಿಂದ ಗಾದಿಲಿಂಗನಿಗೆ ಪೆಟ್ಟಾಗಿಲ್ಲ, ಆಗಿದ್ದರೆ ಅದು ಅವನದೇ ಉಲ್ಲಂಘನೆ ಎಂಬುದು ಅವರ ವಿವರಣೆಯ ಸಾರಾಂಶ. ತರ್ಕಶಾಸ್ತ್ರದ ಪುಸ್ತಕಗಳನ್ನು ನಾನು ಬಹಳ ಕಾಲ ಕಪಾಟಿನಲ್ಲಿ ಜೋಡಿಸಿದ್ದೇನೆ. ಇಂಥದ್ದನ್ನು ಯಾವ ಸಾಲಿನಲ್ಲಿ ಇಡಬೇಕೋ ನನಗೆ ತಿಳಿಯಲಿಲ್ಲ.

ಬಿಲ್ಲೆ ಎಂದರೆ ನಿಮಗೆ ಒಂದು ಹಿತ್ತಾಳೆ ಚೂರು ಇರಬಹುದು. ಇಲ್ಲಿನ ಹಮಾಲರ ಪದ್ಧತಿಯೇ ಬೇರೆ. ಕಾಯಿಲೆ ಬಿದ್ದವನ ಬಿಲ್ಲೆ ಗೇಟಿನ ಕೊಠಡಿಯ ಮೊಳೆಯಲ್ಲಿ ತೂಗುತ್ತಿರುವವರೆಗೆ ಅವನ ಜಾಗವನ್ನು ಯಾರೂ ಕೇಳುವುದಿಲ್ಲ. ಮೊಳೆ ಬರಿದಾದರೆ ಯಾರು ಬೇಕಾದರೂ ಕೇಳಬಹುದು. ಈಗಾಗಲೇ ಉಚ್ಚಂಗಿದುರ್ಗದ ಕಡೆಯ ಒಬ್ಬ ಎರಡು ಸಲ ಬಂದು ವಿಚಾರಿಸಿಕೊಂಡು ಹೋಗಿದ್ದಾನೆ. ಅವನದೇನೂ ತಪ್ಪಿಲ್ಲ, ಅವನಿಗೂ ಕೆಲಸ ಬೇಕು.

ಗಾದಿಲಿಂಗ ದಿನವೂ ಬೆಳಿಗ್ಗೆ ಗೋಡೆ ಹಿಡಿದುಕೊಂಡು ಬಂದು ಗೇಟಿನ ಹೊರಗೆ, ನನ್ನ ಕಟ್ಟೆಯ ಮೇಲೆ ಕೂರುತ್ತಾನೆ. ಮನೆಯಲ್ಲಿ ಮಲಗಬಾರದೇ ಎಂದರೆ ಕೇಳುವುದಿಲ್ಲ. "ನೋವು ತಡಕಂತೀನ್ರಿ ಅಕ್ಕೋರ," ಎಂದ ಮೊನ್ನೆ. "ನನ್ನ ಜಾಗದಾಗ ಮತ್ತೊಬ್ಬ ನಿಂತಿದ್ದು ನೋಡಾಕ ಆಗಂಗಿಲ್ಲ."

ಈಗ ನಿಮ್ಮ ಹೊಸ ಆಜ್ಞೆ ಬಂದಿದೆಯಂತೆ. ಸೋಮವಾರ ಗಣ್ಯರು ಬರುತ್ತಾರೆ. ಯಂತ್ರವನ್ನು ಕೆಳಗಿಳಿಸಿ, ಒರೆಸಿ, ಉದ್ಘಾಟಿಸಿ, ಫೋಟೋ ತೆಗೆದ ಮೇಲೆ ಮತ್ತೆ ಮಹಡಿಗೆ ಏರಿಸಬೇಕಂತೆ. ಮೈಲಪ್ಪನ ಗುಂಪು ಒಂದೇ ಮಾತು ಹೇಳಿದೆ: ಗಾದಿಲಿಂಗ ಗೇಟಿನೊಳಗೆ ಬರುವವರೆಗೆ ಅದನ್ನು ಮುಟ್ಟುವುದಿಲ್ಲ.

ನನ್ನ ಬೇಡಿಕೆಯೂ ಅದೇ. ಬಿಲ್ಲೆಯನ್ನು ಮರಳಿ ಕೊಡಿ. ಯಂತ್ರವನ್ನು ಬಿಡಿಭಾಗಗಳಾಗಿ ಬಿಚ್ಚಿಸಿ ಇಳಿಸಿ. ಇಳಿದ ಮೇಲೆ ಅದು ನೆಲದಲ್ಲೇ ಇರಲಿ, ಗೀರು ಬೀಳಲಿ, ಸವೆಯಲಿ. ಚೀಲಗಳನ್ನು ಎದೆಮಟ್ಟಕ್ಕಿಂತ ಮೇಲೆ ಒಟ್ಟಿಸಬೇಡಿ. ಮೆಟ್ಟನ್ನು ತುಳಿಯುವ ಕೆಲಸವನ್ನು ಗಾದಿಲಿಂಗನಿಗೆ ಕೊಡಬಹುದೇ ಎಂದು ಡಾಕ್ಟರನ್ನು ಕೇಳಿ, ಅವರು ಹೂಂ ಅಂದರೆ ಕೊಡಿ. ಇದ್ಯಾವುದೂ ಸೋಮವಾರದೊಳಗೆ ಆಗದಿದ್ದರೆ, ಉದ್ಘಾಟನೆಯನ್ನು ಮಹಡಿಯಲ್ಲೇ ಇಟ್ಟುಕೊಳ್ಳಿ. ಗಣ್ಯರು ಮೆಟ್ಟಿಲು ಹತ್ತಿದರೆ ಸರಿ. ಹತ್ತಲಾಗದಿದ್ದರೆ ಅವರನ್ನು ನಿಮ್ಮ ಕಚೇರಿಯವರೇ ಹೊರಬೇಕಾಗುತ್ತದೆ. ತಿರುವಿನಲ್ಲಿ ಕೆಳಗಿನ ತುದಿ ಹಿಡಿಯುವವರು ಯಾರೆಂದು ಮೊದಲೇ ಗೊತ್ತುಮಾಡಿಕೊಳ್ಳಿ.

ಈ ಪತ್ರಕ್ಕೆ ಉತ್ತರ ಬರೆಯುವ ಶ್ರಮ ಬೇಡ. ಗೇಟಿನ ಕೊಠಡಿಯ ಮೊಳೆ ನನ್ನ ಕಿಟಕಿಗೆ ಕಾಣುತ್ತದೆ.

ಇಂತಿ,
ಇಷ್ಟು ಬರೆಯುವುದಕ್ಕೇ ಸೊಂಟ ಹಿಡಿದುಕೊಂಡಿರುವ, ಆದರೆ ಯಾವ ಯಂತ್ರವನ್ನೂ ಬಯಸದ,
ಉಗ್ರಾಣದ ಎದುರು ಮನೆಯ ಪುಷ್ಪಲತಾ